ಪರದೇಶದವರಿಗೆ ನಮ್ಮೂರ ಹೆಸರು

ನನ್ನ ಗಂಡ ಉದಯಶಂಕರ್ ಸತ್ತದ್ದು ಬೋರ್ಡಿನ ಕೆಳಗೆ. ರಾಮನಗರದ ಹಳೇ ಪೇಟೆಯಲ್ಲಿ ನಮ್ಮದೊಂದು ಚಿಕ್ಕ ಟಾಕೀಸು. ಟಿಕೆಟ್ ಕಿಟಕಿಯ ಪಕ್ಕದಲ್ಲಿ 'ಮುಂದಿನ ಚಿತ್ರಗಳು' ಎಂಬ ಕರಿಹಲಗೆ. ದೊಡ್ಡ ಸ್ಟಾರಿನ ಸಿನಿಮಾ ಎರಡನೆಯ ವಾರಕ್ಕೇ ಖಾಲಿ ಹೊಡೆಯುತ್ತಿತ್ತು. ಅದನ್ನು ತೆಗೆದು ಇರಾನಿನ ಸಣ್ಣ ಚಿತ್ರವೊಂದನ್ನು ಹಾಕುವುದಾಗಿ ನನ್ನ ಗಂಡ ಸೀಮೆಸುಣ್ಣದಲ್ಲಿ ಬರೆದ. ಅಭಿಮಾನಿ ಸಂಘದ ಅಧ್ಯಕ್ಷ ಬೈರಪ್ಪ, ಕಟೌಟಿಗೆ ಕಟ್ಟಿದ್ದ ಸರ್ವೆ ಗಳವೊಂದನ್ನು ಬಿಚ್ಚಿಕೊಂಡು ಬಂದು ಹಿಂದಿನಿಂದ ಹೊಡೆದ. ಮೊದಲ ಏಟು ಕಿವಿಯ ಮೇಲೆ ಬಿತ್ತು. ಕೆಳಗೆ ಬಿದ್ದ ಮೇಲೂ ಹೊಡೆದ. ರೇಷ್ಮೆ ಗೂಡಿನ ಮಾರುಕಟ್ಟೆ ಮುಗಿಸಿಕೊಂಡು ಬಂದವರು, ಟೀ ಅಂಗಡಿಯವರು, ನಮ್ಮ ಆಪರೇಟರ್ ಶರೀಫ್, ಎಲ್ಲರೂ ನಿಂತಿದ್ದರು. ನಾನು ಅಂದು ಮೈಸೂರಿನಲ್ಲಿದ್ದೆ.

ಕೋರ್ಟಿನಲ್ಲಿ ಒಬ್ಬೊಬ್ಬರಾಗಿ ಬಂದು ನೋಡಲಿಲ್ಲ ಎಂದರು. ಶರೀಫ್ ಕ್ಯಾಬಿನ್ನಿನಲ್ಲಿದ್ದೆ ಎಂದ. ಬೈರಪ್ಪ ಬಿಡುಗಡೆಯಾಗಿ ಬಂದ ದಿನ ಸಂಘದವರು ನಮ್ಮ ಗೇಟಿನ ಎದುರೇ ಪಟಾಕಿ ಹೊಡೆದರು.

ಅವನು ಸಾಯಲಿ ಎಂದು ನಾನು ಬಯಸಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಅದಕ್ಕಿಂತ ಮೊದಲು ಬೇಕಿದ್ದದ್ದು ಒಂದೇ. ಅಂದು ನೋಡಿದವರೆಲ್ಲ ಕೂತಿರಬೇಕು, ಅವರ ಎದುರು ಅವನ ಹೆಸರು ಒಂದು ಸಲ ಗಟ್ಟಿಯಾಗಿ ಕೇಳಬೇಕು.

ಟಾಕೀಸು ಮತ್ತೆ ತೆರೆದೆ. ಶರೀಫನನ್ನು ಕೆಲಸದಿಂದ ಬಿಡಿಸಲಿಲ್ಲ. ಯಾಕೆಂದು ಅವನೂ ಕೇಳಲಿಲ್ಲ.

ಶುಕ್ರವಾರ ಮಧ್ಯಾಹ್ನ ನಮಾಜಿನ ನಂತರ ರೇಷ್ಮೆ ನೂಲು ತೆಗೆಯುವವರಿಗೆ ಬಿಡುವು. ಆ ಹೊತ್ತಿಗೆ ಹೊರದೇಶದ ಚಿತ್ರ ಹಾಕುತ್ತಿದ್ದೆ. ಬಿಸಿನೀರಿನಲ್ಲಿ ಬೆಂದು ಸುಕ್ಕಾದ ಬೆರಳುಗಳಲ್ಲಿ ಟಿಕೆಟ್ ಹಿಡಿದು ಬರುತ್ತಿದ್ದರು. ಅವರ ಜೊತೆಗೆ ಸತ್ತ ಹುಳುವಿನ ವಾಸನೆಯೂ ಒಳಗೆ ಬರುತ್ತಿತ್ತು. ಪರದೆಯ ಕೆಳಗೆ ಓಡುವ ಇಂಗ್ಲಿಷ್ ಸಾಲುಗಳನ್ನು ಅವರು ಓದಲಾರರು. ಹಾಗಾಗಿ ನಾನು ಕ್ಯಾಬಿನ್ನಿನಲ್ಲಿ ಕೂತು, ಮೈಕಿನಲ್ಲಿ ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳುತ್ತಿದ್ದೆ.

ಮೊದಲ ವಾರವೇ ತಕರಾರು ತೆಗೆದವಳು ಮುನವ್ವರಾ. ಹದಿನೈದು ವರ್ಷದಿಂದ ನೂಲು ತೆಗೆಯುತ್ತಿರುವ ಹೆಂಗಸು, ದೊಡ್ಡ ಗಂಟಲು. ಕೋರ್ಟಿನಲ್ಲಿ ನೋಡಲಿಲ್ಲ ಎಂದವರಲ್ಲಿ ಅವಳೂ ಒಬ್ಬಳು.

"ಅಯ್ಯೋ ಕವನಮ್ಮಾ, ಆ ಹೆಸ್ರು ನಾಲ್ಗೆ ಮ್ಯಾಲೆ ನಿಲ್ಲಕಿಲ್ಲ. ನಮ್ಮೋರ್ ಹೆಸ್ರೇ ಮಡಗು."

ಹಾಗೆ ಶುರುವಾಯಿತು. ಕಿರ್ಗಿಜ್ ಕುರುಬ ಗವಿಸಿದ್ದಯ್ಯನಾದ. ಜಪಾನಿನ ಸಿಡುಕು ಅತ್ತೆಗೆ ನನ್ನ ಅತ್ತೆಯ ಹೆಸರನ್ನೇ ಇಟ್ಟೆ, ಚನ್ನಬಸಮ್ಮ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಮಗ ಹೋದ ಮೇಲೆ ಅವರು ನಕ್ಕದ್ದು ಅದೊಂದೇ ಸಲ. ಆಮೇಲೆ ಜನ ಪೈಪೋಟಿಗೆ ಬಿದ್ದರು. "ಮುಂದ್ಲ ವಾರ ನನ್ನುನ್ನ ಪೊಲೀಸ್ ಮಾಡಿ ಮೇಡಮ್ಮೋರೆ" ಎಂದ ಟೀ ಅಂಗಡಿಯ ಅನೀಸ್. "ಥೂ, ಇವ್ನ್ ಮಕಕ್ಕೆ ಪೊಲೀಸಂತೆ. ಕತ್ತೆ ಬಂದ್ರೆ ಇವ್ನ್ ಹೆಸ್ರು ಇಕ್ಕಿ." ಮೈಕಿನಲ್ಲಿ ತಮ್ಮ ಹೆಸರು ಬಂದರೆ ಸೀಟಿ ಹೊಡೆಯುತ್ತಿದ್ದರು.

ಡಿಸೆಂಬರ್ ಕೊನೆಗೆ ಬೋರ್ಡಿನ ಮೇಲೆ ಎರಡು ಸಾಲು ಬರೆದೆ. 'ಗಿರಣಿ, ರೊಮೇನಿಯಾ.' ಅದರ ಕೆಳಗೆ, ಸಂಕ್ರಾಂತಿಯ ವಾರಕ್ಕೆ, ಸೆನೆಗಲ್ಲಿನ ಒಂದು ಚಿತ್ರ.

ಮರುದಿನ ಬೈರಪ್ಪ ಇಬ್ಬರನ್ನು ಕರೆದುಕೊಂಡು ಬಂದ. ಟಿಕೆಟ್ ಕಿಟಕಿಯೊಳಗೆ ಮುಖ ಇಟ್ಟು ನಿಂತ. ಹೊಸ ಬಿಳಿ ಅಂಗಿ, ಹಣೆಯಲ್ಲಿ ಕೆಂಗಲ್ ಆಂಜನೇಯನ ಕುಂಕುಮ.

"ಅಕ್ಕಾ, ಚೆಂದಾಗಿದ್ದೀರಾ?"

ನಾನು ಟಿಕೆಟ್ ಪುಸ್ತಕ ಮುಚ್ಚಿದೆ.

"ಸಂಕ್ರಾಂತಿಗೆ ನಮ್ ಬಾಸ್ ಪಿಚ್ಚರ್ ಬತ್ತಾ ಐತೆ. ಎಲ್ಲಾ ಟಾಕೀಸೂ ನಮ್ದೇ. ನಿಮ್ದೊಂದ್ರಲ್ಲಿ ಕರಿಯರ್ ಪಿಚ್ಚರ್ ಓಡುದ್ರೆ ನಂಗೆ ಮರ್ವಾದಿ ಏನುಳೀತದೆ? ಅಳಿಸ್ಬುಡಿ."

"ಅಳಿಸಲ್ಲ."

"ನಮ್ಮಣ್ಣಂಗೂ ಇಂಗೇ ಏಳ್ದೆ. ಕೇಳ್ನಿಲ್ಲ." ನಿಟ್ಟುಸಿರು ಬಿಟ್ಟ. ಉದಯಶಂಕರನನ್ನು ಅವನು ಅಣ್ಣ ಎಂದದ್ದು. "ಈ ಶುಕ್ರವಾರದ್ ಗಂಟ ಟೇಮು. ನಾನೇ ಬತ್ತೀನಿ ನೋಡೋಕೆ. ಅದೇನೋ ಗಿರಣಿಯಂತಲ್ಲ, ರಾಗಿ ಬೀಸಿ ತೋರುಸ್ತೀರಾ?"

ಜೊತೆಯವರು ನಕ್ಕರು. ಒಬ್ಬ, "ಎಲ್ಲಾರ್ ಹೆಸ್ರೂ ಇಕ್ತೀರಂತೆ, ನಮ್ ಅಧ್ಯಕ್ಷರ್ದು ಇಕ್ಕಿಲ್ವಲ್ಲ ಮೇಡಮ್" ಎಂದ.

"ಊಂ ಕಣಕ್ಕಾ," ಎಂದ ಬೈರಪ್ಪ. "ನಂದೂ ಒಸಿ ಇಡಿ. ಒಳ್ಳೇ ಪಾರ್ಟಿಗೆ."

"ಇಡುತ್ತೇನೆ" ಎಂದೆ.

ರಾತ್ರಿ ಊಟಕ್ಕೆ ಕೂತಾಗ ಅತ್ತೆ, "ಅವ್ನ್ ಕೇಳಿದ್ದು ಕೊಟ್ಬುಡವ್ವ. ಒಬ್ಬನ್ನ ನುಂಗುದ್ರಲ್ಲ, ಸಾಲ್ದಾ?" ಎಂದರು. ನಾನು ಗಿರಣಿ ಚಿತ್ರವನ್ನು ಲ್ಯಾಪ್‌ಟಾಪಿನಲ್ಲಿ ಮತ್ತೆ ನೋಡಿದೆ. ಹಳ್ಳಿಯಲ್ಲೊಬ್ಬ ಗಿರಣಿಯವನು. ಅವನನ್ನು ಒಬ್ಬ ನಡುಬೀದಿಯಲ್ಲಿ ಬಡಿದು ಕೊಲ್ಲುತ್ತಾನೆ. ಊರೆಲ್ಲ ನೋಡುತ್ತದೆ. ಪೊಲೀಸರು ಬಂದಾಗ ಊರೆಲ್ಲ ನೋಡಲಿಲ್ಲ ಎನ್ನುತ್ತದೆ. ಒಂದು ಸಾಲನ್ನೂ ಬದಲಿಸುವ ಅಗತ್ಯವಿರಲಿಲ್ಲ. ಹೆಸರುಗಳನ್ನಷ್ಟೇ ಆರಿಸಿಕೊಂಡೆ.

ಶುಕ್ರವಾರ ಹಾಲ್ ತುಂಬಿತು. ಬೈರಪ್ಪ ಅಳಿಸದೆ ಬಿಟ್ಟಿದ್ದ ಬೋರ್ಡನ್ನು ಓದಿ, ತಲೆಯಾಡಿಸಿ, ಒಳಗೆ ಹೋಗಿ ಬಾಲ್ಕನಿಯ ಕೊನೆಯ ಸಾಲಿನಲ್ಲಿ ಕೂತ. ಎದುರಿನ ಸೀಟಿನ ಮೇಲೆ ಕಾಲು ಚಾಚಿದ. ಅವನ ಬೆನ್ನ ಹಿಂದೆಯೇ ಕ್ಯಾಬಿನ್ನಿನ ಬಾಗಿಲು.

ಶರೀಫ್ ಕಿಂಡಿಯಿಂದ ನೋಡಿದ.

"ಅಮ್ಮಾ, ಅವ್ನ್ ಒಳಕ್ ಬಂದವ್ನೆ. ಇವತ್ ಬ್ಯಾಡ. ಮಿಸೀನ್ ಕೆಟ್ಟೈತೆ ಅಂತ ಏಳ್ಬುಡ್ತೀನಿ."

"ನಡೆಸಿ, ಶರೀಫ್ ಭಾಯ್."

ಚಿತ್ರ ಶುರುವಾಯಿತು. ಹಿಮ ಬಿದ್ದ ಬಯಲು, ಮರದ ಗಿರಣಿ. ಕುದುರೆಯ ಮೇಲೆ ಒಬ್ಬ ಎತ್ತರದ ಆಳು ಬಂದ. ಗಿರಣಿಯವನು ಅವನನ್ನು ಹೆಸರು ಹಿಡಿದು ಕೂಗಿದ.

"ಏನ್ ಬೈರಪ್ಪ, ಇಷ್ಟ್ ದೂರ?" ಎಂದೆ ಮೈಕಿನಲ್ಲಿ.

ಹಾಲಿನಲ್ಲಿ ನಗು ಎದ್ದಿತು. ಬೈರಪ್ಪನ ಜೊತೆಯವರು ಸೀಟಿ ಹೊಡೆದರು. ಅವನು ಎದ್ದು ನಿಂತು ಎಲ್ಲರಿಗೂ ಕೈ ಮುಗಿದು ಕೂತ.

ಕುದುರೆಯವನು ಗಿರಣಿಯವನಿಗೆ ಉತ್ತರ ಕೊಟ್ಟ. "ನಿನ್ ಗಿರಣಿ ಕಲ್ಲು ನಮ್ಮ ಮಾತು ಕೇಳಬೇಕು, ಉದಯಶಂಕರ."

ನಗು ಅಲ್ಲಲ್ಲಿ ಉಳಿದಿತ್ತು. ಅದು ನಿಲ್ಲಲು ಒಂದು ಕ್ಷಣ ಬೇಕಾಯಿತು. ಯಾರೋ ಕೆಮ್ಮಿದರು. ಶರೀಫ್ ನನ್ನ ಕಡೆ ತಿರುಗಿದ. ನಾನು ಪರದೆಯನ್ನೇ ನೋಡುತ್ತಿದ್ದೆ.

ಸಾಲುಗಳು ಬರುತ್ತಲೇ ಇದ್ದವು, ನಾನು ಹೇಳುತ್ತಲೇ ಇದ್ದೆ. ಬೈರಪ್ಪ ಹೆದರಿಸಿದ. ಉದಯಶಂಕರ ಆಗಲ್ಲ ಎಂದ. ಬೈರಪ್ಪ ಅಲ್ಲಿ ನಿಂತಿದ್ದ ಬಂಡಿಯಿಂದ ಓಕ್ ಮರದ ಗಳ ಎಳೆದ. ಗಳ ಇಳಿಯುವ ಕಡೆ ಮಾತಿಲ್ಲ. ಸ್ಪೀಕರುಗಳಿಂದ ಏಟಿನ ಸದ್ದು ಮಾತ್ರ ಬಂತು, ಹಿಟ್ಟಿನ ಮೂಟೆಗೆ ಹೊಡೆದ ಹಾಗೆ. ಆಮೇಲೆ ಊರಿನ ಕಾನ್ಸ್ಟೇಬಲ್ ಬಂದು ಒಬ್ಬೊಬ್ಬರನ್ನೇ ಕೇಳಿದ.

"ನೀನು ನೋಡಿದೆಯಾ, ಮುನವ್ವರಾ?"

"ನಾನು ಒಲೆ ಮುಂದೆ ಇದ್ದೆ."

"ನೀನು, ಅನೀಸ್?"

"ನಾನು ಆಕಡೆ ತಿರುಗಿದ್ದೆ."

"ನೀನು, ಶರೀಫ್?"

"ನಾನು ಒಳಗಿದ್ದೆ ಸ್ವಾಮಿ."

ಶರೀಫ್ ಮಿಷನ್ನಿನ ಮೇಲಿಟ್ಟಿದ್ದ ಕೈ ತೆಗೆದ. ಕೆಳಗೆ ಕತ್ತಲಲ್ಲಿ ಒಬ್ಬ ಹೆಂಗಸು ಅಳತೊಡಗಿದಳು.

ಬಾಗಿಲು ಒಂದೇ ಒದೆತಕ್ಕೆ ತೆರೆಯಿತು. ಬೈರಪ್ಪ ಮೊದಲು ಶರೀಫನ ಮುಖಕ್ಕೆ ಗುದ್ದಿದ. ಮೂಗು ಮುರಿದ ಸದ್ದು ನನಗೆ ಕೇಳಿಸಿತು. ಆಮೇಲೆ ನನ್ನ ಜುಟ್ಟು ಹಿಡಿದು ಮೇಜಿಗೆ ಕುಕ್ಕಿದ. ಹುಬ್ಬು ಹರಿದು ಒಂದು ಕಣ್ಣು ರಕ್ತದಿಂದ ಮುಚ್ಚಿತು. ಮೈಕಿನ ವೈರನ್ನು ನನ್ನ ಕುತ್ತಿಗೆಗೆ ಎರಡು ಸುತ್ತು ಸುತ್ತಿ ಎಳೆದ.

"ನನ್ ಹೆಸ್ರು ಇಕ್ತೀಯೇನೇ? ಅವ್ನ್ ಒಂದೇಟಿಗೇ ಬಿದ್ದ ಕಣೇ ನಿನ್ ಗಂಡ. ಬಿದ್ಮೇಲೆ ಒಡ್ದಿದ್ದು ಸುಮ್ಕೆ, ಖುಸಿಗೆ. ನಿಂಗೆ ಅಷ್ಟೂ ಬ್ಯಾಡ."

ಮೈಕು ಆನ್ ಆಗಿತ್ತು. ಅವನು ಅಂದದ್ದು ಹಾಲಿನ ನಾಲ್ಕೂ ಮೂಲೆಯ ಸ್ಪೀಕರುಗಳಿಂದ ಹೊರಬಿತ್ತು. ಪರದೆಯ ಮೇಲೆ ರೊಮೇನಿಯಾದ ಮುದುಕಿಯೊಬ್ಬಳು ಹಿಟ್ಟು ಜರಡಿ ಹಿಡಿಯುತ್ತಿದ್ದಳು.

ಅವನ ಕೈ ಒಮ್ಮೆಲೇ ಸಡಿಲವಾಯಿತು. ಶರೀಫ್ ಹಿಂದೆ ನಿಂತಿದ್ದ. ಶಟರ್ ಎಳೆಯುವ ಕಬ್ಬಿಣದ ಕೊಕ್ಕೆ ಅವನ ಕೈಯಲ್ಲಿತ್ತು. ಎರಡನೆಯ ಸಲ ಹೊಡೆದಾಗ ಕೊಕ್ಕೆಯ ತುದಿ ಬೈರಪ್ಪನ ಹೆಗಲಿನಲ್ಲಿ ಸಿಕ್ಕಿಕೊಂಡಿತು. ಶರೀಫ್ ಕಾಲು ಕೊಟ್ಟು ಕಿತ್ತು ಮತ್ತೆ ಹೊಡೆದ.

ಅಷ್ಟರಲ್ಲಿ ಜನ ಮೆಟ್ಟಿಲು ಹತ್ತಿದ್ದರು. ಬೈರಪ್ಪನ ಜೊತೆಯವರು ಇಬ್ಬರೂ ಓಡಿಹೋಗಿದ್ದರು. ಜನ ಅವನ ಕಾಲು ಹಿಡಿದು ಕೆಳಗೆಳೆದರು. ಒಂದೊಂದು ಮೆಟ್ಟಿಲಿಗೂ ಅವನ ತಲೆ ಬಡಿಯಿತು. ಹೊರಗಿನ ಹಜಾರದಲ್ಲಿ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಅಲ್ಲಿ ಕೆಡವಿಕೊಂಡರು. ಅನೀಸ್ ಬೋರ್ಡನ್ನು ಗೋಡೆಯಿಂದ ಕಿತ್ತು ಅದರ ಅಂಚಿನಿಂದ ಬಾಯಿಗೆ ಹೊಡೆದ. ಹಲ್ಲು ನೆಲದ ಮೇಲೆ ಬಿದ್ದವು. ಮುನವ್ವರಾ ಚಪ್ಪಲಿಯಿಂದ ಶುರುಮಾಡಿ, ಆಮೇಲೆ ಬಾಗಿಲಿಗೆ ಒತ್ತಿಟ್ಟಿದ್ದ ಕಲ್ಲು ಎತ್ತಿಕೊಂಡಳು. ಯಾರೂ ಕೂಗುತ್ತಿರಲಿಲ್ಲ. ಕೆಲಸ ಮಾಡುವವರ ಹಾಗೆ ಏದುಸಿರು ಬಿಡುತ್ತಿದ್ದರು. ಒಬ್ಬರಿಗೆ ಕೈ ಸೋತರೆ ಇನ್ನೊಬ್ಬರು ಮುಂದೆ ಬರುತ್ತಿದ್ದರು.

ನಾನು ಗೋಡೆ ಹಿಡಿದುಕೊಂಡು ಮೆಟ್ಟಿಲ ಮೇಲೆ ನಿಂತಿದ್ದೆ. ವೈರು ಇನ್ನೂ ಕುತ್ತಿಗೆಯಲ್ಲಿತ್ತು. ಬೈರಪ್ಪ ಒಂದು ಸಲ ತಲೆ ಎತ್ತಿದ. "ಅಕ್ಕಾ" ಎಂದ. ಸರಿಯಾಗಿ ಬರಲಿಲ್ಲ, ಹಲ್ಲಿರಲಿಲ್ಲ.

ಮುನವ್ವರಾ ಕಲ್ಲು ಕೆಳಗೆ ಹಾಕಿದಳು. ತನ್ನ ಕೈ ನೋಡಿಕೊಂಡಳು. ನನ್ನ ಕಡೆ ತಿರುಗಿ ಕಿರುಚಿದಳು.

"ಸಾಕು ಅನ್ನವ್ವಾ! ನೀನಂದ್ರೆ ಬುಡ್ತಾರೆ. ಸಾಕು ಅನ್ನು!"

ಎಲ್ಲರೂ ನಿಂತರು. ನಿಜವಾಗಿಯೂ ನಿಂತರು. ನನ್ನ ಬಾಯಿಯನ್ನೇ ನೋಡಿದರು.

ಗಂಟಲು ನೋಯುತ್ತಿತ್ತು, ಆದರೆ ಮಾತು ಬರುತ್ತಿತ್ತು. ನಾನು ಹೇಳಲಿಲ್ಲ.

ಮತ್ತೆ ಶುರುಮಾಡಿದರು.

ಬೆಂಗಳೂರಿಗೆ ಸಾಗಿಸುವಾಗ ಬಿಡದಿ ದಾಟುವ ಮೊದಲೇ ಬೈರಪ್ಪ ಸತ್ತ.

ಠಾಣೆಯಲ್ಲಿ ನನಗೆ ಕುರ್ಚಿ ಕೊಟ್ಟರು, ನೀರು ಕೊಟ್ಟರು. ಹುಬ್ಬಿಗೆ ಆರು ಹೊಲಿಗೆ ಬಿದ್ದಿತ್ತು. ಸಬ್ ಇನ್‌ಸ್ಪೆಕ್ಟರ್ ನನಗಿಂತ ಚಿಕ್ಕವನು. ತಗ್ಗಿದ ದನಿಯಲ್ಲಿ ಮಾತನಾಡಿದ.

"ಮೇಡಮ್, ನಿಮ್ಮನ್ನ ಕೊಲ್ಲೋಕೆ ಬಂದ, ಅಪರಿಚಿತ ಗುಂಪು ತಡೀತು ಅಂತ ಬರ್ಕೊಳ್ಳೋಣ. ಒಳಗೆ ಕತ್ತಲಿತ್ತು. ನೀವು ಯಾರನ್ನೂ ನೋಡಿಲ್ಲ. ಅವನ ಕಡೆಯವರೂ ಕೇಸು ಜಾಸ್ತಿ ಎಳೆಯಲ್ಲ."

"ಹಜಾರದಲ್ಲಿ ಲೈಟಿತ್ತು" ಎಂದೆ.

ಅವನು ಪೆನ್ನು ಕೆಳಗಿಟ್ಟ. ಬಾಗಿಲಾಚೆ ಕಾಂಪೌಂಡಿನಲ್ಲಿ ಅರ್ಧ ಪೇಟೆ ನಿಂತಿತ್ತು. ಅವರಿಗೆ ಕೇಳಿಸಿತು. ಅತ್ತೆ ಅವರ ನಡುವೆಯೇ ನೆಲದ ಮೇಲೆ ಕೂತಿದ್ದರು. ಅನೀಸ್ ಬಾಗಿಲ ತನಕ ಬಂದ.

"ಯಾರ್ಗೋಸ್ಕರ ಒಡ್ದಿದ್ದು ಅಂತ ನೆಪ್ಪೈತಾ ಮೇಡಮ್ಮೋರೆ? ನಿಮ್ ಯಜಮಾನ್ರಿಗೋಸ್ಕರ. ಮಕ್ಕಳು ಮರಿ ಅವೆ ನಮ್ಗೂ."

"ನೆನಪಿದೆ, ಅನೀಸ್."

ಅವನು ಇನ್ನೇನೋ ಹೇಳಲು ಹೋದ. ಪಕ್ಕದಲ್ಲಿದ್ದವರು ಹಿಂದಕ್ಕೆ ಎಳೆದುಕೊಂಡರು. ಒಬ್ಬಳು ನೆಲಕ್ಕೆ ಉಗಿದಳು.

"ಬರೆದುಕೊಳ್ಳಿ" ಎಂದೆ ಸಬ್ ಇನ್‌ಸ್ಪೆಕ್ಟರನಿಗೆ. "ಮೊದಲ ಹೆಸರು ಕವನ. ಗಂಡ ಉದಯಶಂಕರ್. ಬೈರಪ್ಪ ಎದ್ದು ಬರುತ್ತಾನೆಂದು ಗೊತ್ತಿದ್ದೇ ಚಿತ್ರದ ಕೊಲೆಗಾರನಿಗೆ ಅವನ ಹೆಸರಿಟ್ಟೆ. ಸಾಕು ಎನ್ನಿ ಎಂದಾಗ ಎಲ್ಲರೂ ನಿಂತಿದ್ದರು. ನಾನು ಹೇಳಲಿಲ್ಲ. ಅದನ್ನೂ ಬರೆಯಿರಿ."

ಅವನು ಮತ್ತೆ ಪೆನ್ನು ಎತ್ತಿಕೊಂಡ. ಬರೆದ.

"ಎರಡನೆಯದು, ಶರೀಫ್. ನಮ್ಮ ಆಪರೇಟರ್."

"ನಿಮ್ಮನ್ನ ಉಳಿಸಿದ್ದು ಅವನೇ ಅಲ್ವಾ?"

"ಹೌದು. ಉಳಿದ ಮೇಲೂ ಹೊಡೆದ."

"ಅಪ್ಪನ ಹೆಸರು?"

ನನಗೆ ಗೊತ್ತಿರಲಿಲ್ಲ. ಎಷ್ಟೋ ಶುಕ್ರವಾರ ಒಂದೇ ಕ್ಯಾಬಿನ್ನಿನಲ್ಲಿ ಕೂತಿದ್ದೆವು.

"ಅಸದುಲ್ಲಾ" ಎಂದಿತು ಗೋಡೆಯ ಪಕ್ಕದ ಬೆಂಚಿನಿಂದ ಒಂದು ದನಿ. ಮೂಗಿಗೆ ಹತ್ತಿ ತುರುಕಿದ್ದರಿಂದ ಶರೀಫನ ಮಾತು ಗೊಗ್ಗರಾಗಿತ್ತು. "ಅಸದುಲ್ಲಾ ಮಗ ಶರೀಫ್. ಇದು ಬರ್ಕಂಡಾದ್ಮೇಲೆ ಇನ್ನೊಂದು ಆಳೆ ತಗಳಿ ಸ್ವಾಮಿ. ಉದಯಣ್ಣನ್ನ ಒಡ್ದ ದಿವ್ಸದ್ದೂ ಏಳ್ತೀನಿ. ನಾನ್ ಒಳಗಿರ್ನಿಲ್ಲ. ಬೋರ್ಡ್ ಪಕ್ಕದಾಗೇ ಇದ್ದೆ."

ಹೊರಗೆ ಗುಜುಗುಜು ನಿಂತಿತು. ಸಬ್ ಇನ್‌ಸ್ಪೆಕ್ಟರ್ ಹಾಳೆ ತಿರುಗಿಸಿದ.

"ಮುಂದಿನ ಹೆಸರು?"

ಮುನವ್ವರಾ ಬಾಗಿಲಲ್ಲೇ ನಿಂತಿದ್ದಳು. ಬೆರಳುಗಳನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ನಾನು ಅವಳನ್ನು ನೋಡಿಕೊಂಡೇ ಹೇಳಿದೆ.