ಕ್ಯಾಮೆರಾದ ಹಸಿರು ಚುಕ್ಕೆ

ಊರವರ ಕಂಪ್ಯೂಟರುಗಳ ಹುಳುಕನ್ನೆಲ್ಲ ತೆಗೆದುಕೊಡುವ ಮಗಳಿಗೆ ತನ್ನ ಮನೆಯದ್ದನ್ನು ನೋಡಲು ಪುರುಸೊತ್ತಿರಲಿಲ್ಲ. ಜ್ವರ ಬಂದು ತನ್ನ ರಿಪೇರಿ ಅಂಗಡಿಯಿಂದ ಮಧ್ಯಾಹ್ನವೇ ಮನೆಗೆ ಬಂದ ದಿನ ಅದು ಕಣ್ಣಿಗೆ ಬಿತ್ತು.

ಕಂಪ್ಯೂಟರಿನ ಮುಂದೆ ಅಮ್ಮ ಸ್ವೆಟರ್ ಹೆಣೆಯುತ್ತ ಕೂತಿದ್ದಳು. ತೆರೆ ಕಪ್ಪಗಿತ್ತು. ಅದರ ನೆತ್ತಿಯ ಕ್ಯಾಮೆರಾದಲ್ಲಿ ಮಾತ್ರ ಹಸಿರು ಚುಕ್ಕೆ ಉರಿಯುತ್ತಿತ್ತು. ಯಾರೋ ನೋಡುತ್ತಿದ್ದರು.

ಮಗಳು ಕೂಗಿಕೊಂಡಳು. "ಅಮ್ಮಾ, ಏಳು ಅಲ್ಲಿಂದ! ಇದರೊಳಗೆ ಯಾರೋ ನುಗ್ಗಿದಾರೆ."

ಅಮ್ಮ ಎದ್ದಳು. ಗಾಬರಿಯಾಗಲಿಲ್ಲ. ಅದನ್ನು ಗಮನಿಸುವ ವ್ಯವಧಾನ ಮಗಳಿಗಿರಲಿಲ್ಲ.

ಮೊದಲು ಇಂಟರ್ನೆಟ್ ವೈರು ಕಿತ್ತಳು. ಚುಕ್ಕೆ ಆರಿತು. ಕಂಪ್ಯೂಟರ್ ಹಚ್ಚಿದೊಡನೆ ತಾನಾಗಿಯೇ ಶುರುವಾಗುವ ಪ್ರೋಗ್ರಾಂಗಳನ್ನು ಒಂದೊಂದಾಗಿ ಜಾಲಾಡಿದಳು. ಪ್ರಿಂಟರಿನ ಹೆಸರು ಹೊತ್ತದ್ದೊಂದು ಸಿಕ್ಕಿತು. ಈ ಮನೆಯಲ್ಲಿ ಪ್ರಿಂಟರೇ ಇಲ್ಲ! ಸಭ್ಯಸ್ಥನ ವೇಷದಲ್ಲಿ ಒಳಬಂದು ಹಿಂಬಾಗಿಲು ತೆರೆದಿಡುವ ಟ್ರೋಜನ್.

"ಸಿಕ್ಕಿಬಿದ್ದೆಯಾ ಮಗನೇ," ಎಂದು ಹಲ್ಲು ಕಡಿದಳು.

ಅವಳ ಪದ್ಧತಿಯೇ ಹಾಗೆ, ಮೊದಲು ಬೇರುಸಹಿತ ಕೀಳುವುದು, ವಿಚಾರಣೆ ಆಮೇಲೆ. ಆ ಪ್ರೋಗ್ರಾಂ, ಅದು ಚಿತ್ರ ಕಳಿಸುತ್ತಿದ್ದ ವಿಳಾಸ, ಎಲ್ಲವನ್ನೂ ಮತ್ತೆ ಸಿಗದಂತೆ ಅಳಿಸಿದಳು. ಸ್ಕ್ಯಾನ್ ಮಾಡಿದಳು. ಕಂಪ್ಯೂಟರ್ ಶುದ್ಧ.

ಕಳ್ಳ ಏನೇನು ಹೊತ್ತೊಯ್ದಿದ್ದಾನೆ ನೋಡೋಣವೆಂದು, ಅದು ಬಿಟ್ಟುಹೋಗಿದ್ದ ಫೋಲ್ಡರ್ ತೆರೆದಳು. ಬ್ಯಾಂಕಿನ ವಿವರವಿಲ್ಲ, ಪಾಸ್‌ವರ್ಡ್ ಇಲ್ಲ. ಬರೀ ಅಮ್ಮನ ಫೋಟೋಗಳು. ಕನ್ನಡಕ ಒರೆಸುವ ಅಮ್ಮ, ತೂಕಡಿಸುವ ಅಮ್ಮ. ಆಮೇಲಿನವುಗಳಲ್ಲಿ ಅಮ್ಮ ನೀಲಿ ಸ್ವೆಟರನ್ನು ಕ್ಯಾಮೆರಾದ ಮುಂದೆ ಎತ್ತಿ ಹಿಡಿದಿದ್ದಾಳೆ, ಇಷ್ಟಾಯಿತು ನೋಡು ಎನ್ನುವಂತೆ. ಅಗಲ ಹೆಗಲಿನ ಸ್ವೆಟರ್. ಈ ಮನೆಯ ಇಬ್ಬರು ಹೆಂಗಸರಿಗೂ ಆಗುವಂಥದ್ದಲ್ಲ.

ಮಗಳಿಗೆ ತಮ್ಮನ ಅಗಲ ಹೆಗಲು ನೆನಪಾಯಿತು. ತನ್ನೊಡನೆ ಜಗಳವಾಡಿ ಮನೆ ಬಿಟ್ಟ ಅವನ ಸುದ್ದಿಯೇ ವರ್ಷಗಳಿಂದ ಇರಲಿಲ್ಲ. ಅವನು ಸತ್ತೇಹೋದನೆಂದು ಅವಳು ಒಳಗೊಳಗೇ ಒಪ್ಪಿಕೊಂಡುಬಿಟ್ಟಿದ್ದಳು.

"ಇದು ಹೇಗೆ ಬಂತಮ್ಮಾ?"

"ಅಂಚೇಲಿ ಒಂದು ಪೆನ್‌ಡ್ರೈವ್ ಬಂದಿತ್ತು. ಕಳಿಸಿದೋರ ಹೆಸರಿಲ್ಲ, ಊರಿಲ್ಲ. ಹಾಕಿ ನೋಡಿದೆ. ನೀವಿಬ್ರೂ ಉಯ್ಯಾಲೆ ಮೇಲೆ ಕೂತಿರೋ ಫೋಟೋ. ಹೋಗ್ತಾ ಗೋಡೆಯಿಂದ ಅವನೇ ಅಲ್ವಾ ಅದನ್ನ ಕಿತ್ಕೊಂಡು ಹೋಗಿದ್ದು? ಪೆನ್‌ಡ್ರೈವ್ ಒಂದೇ ಸಲಕ್ಕೆ ಖಾಲಿಯಾಯ್ತು, ಆಮೇಲಿಂದ ದಿನಾ ಈ ದೀಪ ಹತ್ತೋಕೆ ಶುರುವಾಯ್ತು."

"ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ತೆಗೆದುಹಾಕಿಬಿಡ್ತಿದ್ದೆ."

ಮಗಳು ವೈರನ್ನು ಮತ್ತೆ ಸಿಕ್ಕಿಸಿದಳು. ಅಮ್ಮ ತಲೆಗೂದಲು ಸರಿಮಾಡಿಕೊಂಡು ಬಂದು ಕೂತು, ಸ್ವೆಟರಿನ ಮುಗಿದಿದ್ದ ತೋಳನ್ನು ಕ್ಯಾಮೆರಾದ ಮುಂದೆ ಎತ್ತಿ ಹಿಡಿದಳು.

"ಇನ್ನೂ ಕಣ್ಣೇ ಬಿಟ್ಟಿಲ್ವಲ್ಲೇ ಅವನು. ನೀನು ಕೂಗಾಡಿದ್ದು ಕೇಳಿ ಹೆದರಿದಾನೇನೋ. ಬಾ, ಪಕ್ಕದಲ್ಲಿ ಕೂತ್ಕೋ. ಒಂಚೂರು ನಗು."

ಮಗಳು ಕೂತಳು. ಮತ್ತೆ ಕಪ್ಪಾದ ತೆರೆಯಲ್ಲಿ ಅವರಿಬ್ಬರದೇ ಮುಖಗಳು. ಅಳಿಸಿದ್ದು ಮತ್ತೆ ಬರುವುದಿಲ್ಲ, ಅದಿಲ್ಲದೆ ಅವನಿಗೆ ಈ ಮನೆ ಕಾಣುವುದಿಲ್ಲ ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಆರಿದ ಚುಕ್ಕೆಯನ್ನು ನೋಡುತ್ತ ನಕ್ಕಳು.