ಎಡಗಡೆಯ ಕನ್ನಡಿ

ನಮ್ಮ ಸ್ಥಾವರದಲ್ಲಿ ಮರುಭೂಮಿಯ ತುಂಬ ಕನ್ನಡಿಗಳು. ಎಲ್ಲವೂ ಬಿಸಿಲನ್ನು ಒಂದೇ ಗೋಪುರದ ತುದಿಗೆ ತಿರುಗಿಸುತ್ತವೆ. ಆ ಶಾಖದಲ್ಲಿ ಕರೆಂಟು ಹುಟ್ಟುತ್ತದೆ. ಗೇಟಿನ ಪಕ್ಕದ ಸ್ಟ್ಯಾಂಡಿನ ಮೇಲಿರುವ ಎರಡು ಸಣ್ಣ ಕನ್ನಡಿಗಳಿಗೆ ಮಾತ್ರ ಆ ಕೆಲಸವಿಲ್ಲ. ಬಲಗಡೆಯದನ್ನು ದಿನಾ ತೊಳೆಯುತ್ತೇವೆ. ಎಡಗಡೆಯದನ್ನು ವರ್ಷವಿಡೀ ಮುಟ್ಟುವ ಹಾಗಿಲ್ಲ. ಎರಡರ ಹೊಳಪನ್ನೂ ಮೀಟರಿನಲ್ಲಿ ಅಳೆದು, ಧೂಳು ಎಷ್ಟು ಬೆಳಕು ತಿಂದಿತು ಎಂದು ಮೇಸ್ತ್ರಿ ಲೆಕ್ಕ ಹಾಕುತ್ತಾರೆ.

ಆ ಮುಟ್ಟಬಾರದ ಕನ್ನಡಿಯ ನಟ್ಟನಡುವೆ ನನ್ನ ಅಣ್ಣನ ಅಂಗೈ ಇತ್ತು.

ಅಣ್ಣ ಕನ್ನಡಿ ತೊಳೆಯುವ ಲಾರಿಯ ಡ್ರೈವರ್. ಒಂದು ಬೆಳಿಗ್ಗೆ ಲಾರಿಯ ಬ್ರಷ್ಷಿಗೆ ಗ್ರೀಸು ಹಚ್ಚಿ ಬರುತ್ತಿದ್ದವನು ಪೈಪು ಎಡವಿ, ಬೀಳದಿರಲು ಕೈ ಊರಿದ್ದು ಅದರ ಮೇಲೆಯೇ. ಮೇಸ್ತ್ರಿ ಮುಖ ಮೂತಿ ನೋಡದೆ ಬೈದರು. ಒರೆಸೋಣವೆಂದರೆ ವರ್ಷದ ಧೂಳಿನ ಲೆಕ್ಕವೇ ಕೆಡುತ್ತದೆ. ಗೊಣಗುತ್ತಲೇ ಅಂದಿನಿಂದ ಮೀಟರನ್ನು ನಡುವೆ ಇಡುವ ಬದಲು ಮೂಲೆಗೆ ಸರಿಸಿ ಅಳೆಯತೊಡಗಿದರು.

"ಹೇಗೂ ಹಸ್ತ ಇಟ್ಟಿದ್ದೀನಲ್ಲ ಮೇಸ್ತ್ರಿ, ನೋಡಿ ಹೇಳಿ. ಬಡ್ತಿ ಇದೆಯಾ?" ಎಂದಿದ್ದ ಅಣ್ಣ.

"ನಿನ್ನ ಕೈಲಿ ಬರೀ ಗ್ರೀಸಿದೆ, ಹೋಗೋ."

ಮುಂದಿನ ತಿಂಗಳು ಬಿರುಗಾಳಿಯಲ್ಲಿ ಲಾರಿ ಮಗುಚಿತು. ಅಣ್ಣ ಉಳಿಯಲಿಲ್ಲ. ಅತ್ತಿಗೆ ಆಗ ತುಂಬು ಬಸುರಿ.

ಮಗು ಕತ್ತು ನಿಲ್ಲಿಸಿದ ಮೇಲೆ ಅದನ್ನು ಅಮ್ಮನ ಮಡಿಲಿಗೆ ಹಾಕಿ ಅತ್ತಿಗೆಯೂ ನನ್ನ ಜೊತೆ ಕೆಲಸಕ್ಕೆ ಬರತೊಡಗಿದಳು. ಮನೆಯಲ್ಲಿ ಅವಳು ಅಣ್ಣನ ಮಾತೆತ್ತುತ್ತಿರಲಿಲ್ಲ. ಇವಳದು ಕಲ್ಲುಮನಸ್ಸು ಎಂದು ಅಮ್ಮನಿಗೆ ಒಳಗೊಳಗೇ ಸಿಟ್ಟು. ನಾನು ಮಾತ್ರ ನೋಡಿದ್ದೆ. ಬಲಗಡೆಯ ಕನ್ನಡಿ ತೊಳೆಯುವ ಕೆಲಸವನ್ನು ಅವಳೇ ಕೇಳಿ ತೆಗೆದುಕೊಂಡಿದ್ದಳು. ಕೈ ಬಲಗಡೆ ಆಡುತ್ತಿದ್ದರೆ ಕಣ್ಣು ಎಡಗಡೆ ಇರುತ್ತಿತ್ತು. ಇಬ್ಬನಿಯಲ್ಲಿ ನೆನೆದ ಧೂಳು ಗ್ರೀಸಿಗೆ ಕಚ್ಚಿಕೊಂಡು ಐದೂ ಬೆರಳು ದಿನದಿಂದ ದಿನಕ್ಕೆ ಗಾಢವಾಗುತ್ತಿದ್ದವು.

ವರ್ಷ ತುಂಬಿತು. ನಾಳೆ ಎಡಗಡೆಯದನ್ನೂ ತೊಳೆಯಬೇಕು, ಹೊಸ ಲೆಕ್ಕ ಶುರು ಎಂದರು ಮೇಸ್ತ್ರಿ. ಅತ್ತಿಗೆ ತಲೆಯಾಡಿಸಿದಳು. ಆಮೇಲೆ ಊಟದ ಡಬ್ಬಿಯ ಮುಚ್ಚಳವನ್ನು ಸುಮ್ಮನೆ ತೆಗೆಯುತ್ತ ಹಾಕುತ್ತ ಕೂತಳು. ನಾನು ಮೇಸ್ತ್ರಿಯ ಶೆಡ್ಡಿಗೆ ಹೋದೆ. ಬಿಟ್ಟುಬಿಡಿ ಎಂದು ಕೇಳಬೇಕಿತ್ತು.

"ಎಡಗಡೇದು... ಅಣ್ಣನ ಕೈ," ಎಂದೆ, ಅಷ್ಟೇ.

ಅವರು ಮೀಟರನ್ನು ಒರೆಸುತ್ತಲೇ ಇದ್ದರು. "ತೊಳೀಲೇಬೇಕಮ್ಮ," ಎಂದರು.

ಬೆಳಿಗ್ಗೆ, ಬಿಸಿಲು ಬೀಳುವ ಮೊದಲು, ಅತ್ತಿಗೆ ಬಕೆಟ್ಟು ತಂದಳು. ನಾನು ತೊಳೆಯುತ್ತೇನೆ, ನೀನು ಆ ಕಡೆ ಹೋಗು ಎಂದೆ.

"ನಾನಿರುವಾಗ ನೀನ್ಯಾಕೆ ಪುಟ್ಟಿ?" ಎಂದಳು.

ಗುರುತಿನ ಮೇಲೆ, ತಾಗದ ಹಾಗೆ, ತನ್ನ ಅಂಗೈ ಹಿಡಿದಳು. ಅವಳ ಬೆರಳುಗಳಾಚೆ ಅಣ್ಣನ ಬೆರಳ ತುದಿಗಳು ಕಾಣುತ್ತಿದ್ದವು. ಆಮೇಲೆ ನೀರು ಹುಯ್ದು ಮೆತ್ತನೆಯ ಬಟ್ಟೆಯಿಂದ ಒರೆಸಿದಳು. ಧೂಳು ಕೆಸರಾಗಿ ಅವಳ ಕಾಲ ಬಳಿ ಇಳಿಯಿತು. ಕನ್ನಡಿಯಲ್ಲಿ ಬರೀ ಆಕಾಶ.

ಕಲೆ ಉಳಿದಿದೆಯೇ ಎಂದು ಬಗ್ಗಿ ನೋಡುವಾಗ ಅವಳ ಉಸಿರು ತಾಗಿತು. ಮಸುಕಾದ ಗಾಜಿನಲ್ಲಿ ಒಂದು ಹೆಬ್ಬೆರಳು ಮೂಡಿತು. ಅವಳು ಬಾಯಿ ತೆರೆದು ಇನ್ನೊಮ್ಮೆ ಉಸಿರು ಬಿಟ್ಟಳು. ಐದೂ ಬೆರಳು ಬಂದವು. ಬರೀ ನೀರಿಗೆ ಗ್ರೀಸು ಪೂರ್ತಿ ಹೋಗುವುದಿಲ್ಲ.

"ಹೋಗಿಲ್ಲ," ಎಂದಳು, ನನಗಲ್ಲ.

ಗ್ರೀಸಿನ ಕಲೆ ಕಂಡರೆ ಸ್ಪಿರಿಟ್ ಹಾಕಿ ತೆಗೆಯಬೇಕು, ಅದು ನಿಯಮ. ಬಾಟಲಿ ನನ್ನ ಜೇಬಿನಲ್ಲೇ ಇತ್ತು. ತಿರುಗಿದರೆ ಮೇಸ್ತ್ರಿ ಮೀಟರು ಹಿಡಿದು ನಿಂತಿದ್ದಾರೆ. ಉಸಿರಿನ ಮಸುಕು ಇನ್ನೂ ಆರಿರಲಿಲ್ಲ. ಅವರು ಆ ಕೈಯನ್ನು ನೋಡಿದರು, ಅದು ಮಾಯವಾಗುವ ತನಕ ನೋಡಿದರು.

ತೊಳೆದ ಕನ್ನಡಿ, ಇನ್ನು ಮೀಟರನ್ನು ನಡುವೆ ಇಡಬೇಕಿತ್ತು. ಅವರು ಮೂಲೆಯಲ್ಲಿಟ್ಟು ಅಳೆದರು.

"ಸರಿಯಾಗಿದೆ," ಎಂದರು. "ಇನ್ನೊಂದು ವರ್ಷ ಇದನ್ನ ಯಾರೂ ಮುಟ್ಟಬೇಡಿ."

ಅತ್ತಿಗೆ ಉಳಿದ ನೀರನ್ನು ಬಲಗಡೆಯ ಕನ್ನಡಿಗೆ ಹುಯ್ದಳು.