ಬೈಸಿಕೊಂಡ ಫೋನು

ಒಂದೇ ವಾರದಲ್ಲಿ ಎರಡು ಹೊಸ ಫೋನುಗಳು ಮಾರುಕಟ್ಟೆಗೆ ಬಂದವು. ಅವುಗಳಲ್ಲಿ ತೆಳ್ಳಗಿನದನ್ನು ಫೋನ್ ವಿಮರ್ಶಕನೊಬ್ಬ ತನ್ನ ವಿಡಿಯೊದಲ್ಲಿ ಬಾಯ್ತುಂಬ ಹೊಗಳಿದ. ಇನ್ನೊಂದನ್ನು, ಇಟ್ಟಿಗೆಯಷ್ಟು ಭಾರ, ಅಕ್ಷರಗಳೋ ಅಂಗಡಿ ಬೋರ್ಡಿನಷ್ಟು ದಪ್ಪ ಎಂದು ಹಿಗ್ಗಾಮುಗ್ಗಾ ಜಾಡಿಸಿದ. ಪತ್ರಿಕೆ, ಟೀವಿಗಳಲ್ಲೂ ತೆಳ್ಳಗಿನದರದ್ದೇ ಮಾತು.

ಅವನ ಹೆಂಡತಿಗೆ ಫೋನ್ ಅಂಗಡಿಯೊಂದರಲ್ಲಿ ಮಾರಾಟದ ಕೆಲಸ. ವಾರದ ಕೊನೆಗೆ ಊಟಕ್ಕೆ ಕೂತಾಗ ಹೇಳಿದಳು: "ನೀವು ಬೈದ ಫೋನು ಪೂರ್ತಿ ಖಾಲಿ. ಹೊಗಳಿದ್ದನ್ನ ಎಲ್ರೂ ಮುಟ್ಟಿ ನೋಡಿ, ಅದರ ಜೊತೆ ಫೋಟೊ ತೆಗೆಸ್ಕೊಂಡು ಹೋಗ್ತಾರೆ ಅಷ್ಟೆ."

"ಸುಮ್ನೆ ಕಾಲೆಳೀಬೇಡ," ಎಂದ ಅವನು.

ನಂಬಿಕೆ ಬಾರದೆ ಮರುದಿನ ತಾನೇ ಅಂಗಡಿಗೆ ಹೋದ. ಅಲ್ಲಿದ್ದ ನಿವೃತ್ತ ಮೇಷ್ಟ್ರೊಬ್ಬರು ಅವನ ಗುರುತು ಹಿಡಿದರು.

"ಅಕ್ಷರ ದಪ್ಪ ಅಂದ್ರಲ್ಲ, ಅದನ್ನ ಕೇಳೇ ತಗೊಂಡೆ. ಈಗ ಕನ್ನಡಕ ಇಲ್ದೇನೇ ಮೊಮ್ಮಗಳ ಮೆಸೇಜು ಓದ್ತೀನಿ. ಇವತ್ತು ಇವಳಿಗೂ ಒಂದು ಬುಕ್ ಮಾಡೋಕೆ ಬಂದೆ."

ಪಕ್ಕದಲ್ಲಿದ್ದ ಅವರ ಪತ್ನಿ ಅನುಮಾನದಿಂದ ಕೇಳಿದರು: "ತುಂಬಾ ಭಾರ ಅಂತ ನೀವೇ ಹೇಳಿದ್ರಲ್ಲಪ್ಪ, ಕೈ ನೋಯಲ್ವಾ?"

ವಿಮರ್ಶಕ ಗಂಟಲು ಸರಿಮಾಡಿಕೊಂಡ. "ಅಷ್ಟೇನಿಲ್ಲಮ್ಮ, ಅಭ್ಯಾಸ ಆಗುತ್ತೆ. ತಗೊಳ್ಳಿ."

ಕೌಂಟರಿನ ಹಿಂದೆ ಹೆಂಡತಿ ನಗು ತಡೆದುಕೊಂಡು ರಸೀದಿ ಬರೆದಳು. ಅವರಿಬ್ಬರೂ ಹೋದ ಮೇಲೆ ಅವನು ತಗ್ಗಿದ ದನಿಯಲ್ಲಿ, "ಹೊಸ ಸ್ಟಾಕ್ ಬಂದ್ರೆ ನಮ್ಮಮ್ಮನಿಗೂ ಒಂದು ಎತ್ತಿಡು," ಎಂದ.

"ಮತ್ತೆ ಆ ವಿಡಿಯೊ?"

"ಅದು ಹಾಗೇ ಇರ್ಲಿ. ತೆಗೆದ್ರೆ ನಿಮ್ಮ ಮಾರಾಟ ನಿಂತುಹೋಗುತ್ತೆ."